ಜೈತುನಕ್ಕ ಕೊಡುತ್ತಿದ್ದ ಕಿಟಕಿ ಸೀಟು

ಜೈತುನಕ್ಕ ಯಾರ ಮೇಲೆ ದೂರು ಹೇಳಲು ಹೊರಡುತ್ತಿದ್ದಳೋ ಅವರನ್ನೇ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು. ಅಷ್ಟೇ ಅಲ್ಲ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಅವರಿಗೇ ಬಿಟ್ಟುಕೊಡುತ್ತಿದ್ದಳು.

"ಗಾಳಿ ಬರ್ಲಿ, ಕುಂದರ್ರಿ. ಅಲ್ಲಿ ಹೋದ ಮ್ಯಾಲೆ ಬೆವರೋದು ಇದ್ದೇ ಐತೆ."

ಆನವಟ್ಟಿಯಿಂದ ಶಿರಾಳಕೊಪ್ಪ ದಾಟಿ ಶಿಕಾರಿಪುರ ಮುಟ್ಟುವವರೆಗೂ ಇಬ್ಬರೂ ಲೋಕಾಭಿರಾಮ ಮಾತಾಡಬೇಕು. ದೂರಿನ ಸುದ್ದಿ ಬಸ್ಸಿನಲ್ಲಿ ಎತ್ತಬಾರದು. ಶುಂಠಿ ರೇಟು, ಮಗಳ ಬಾಣಂತನ, ಮೊಣಕಾಲು ನೋವು, ಇಷ್ಟಕ್ಕೆ ಮಾತ್ರ ಅಪ್ಪಣೆ. ಇಳಿದ ಮೇಲೆ ಒಂದು ಟೀ. ಆಮೇಲೆ ಸೆರಗು ಸರಿಮಾಡಿಕೊಂಡು, "ನಡೀರಿ, ನಿಮ್ಮ ಮ್ಯಾಲೆ ಹೇಳಾದೈತಲ್ಲ" ಎಂದು ಮದುವೆಗೆ ಕರೆದೊಯ್ಯುವವರಂತೆ ಮುಂದೆ ನಡೆಯುತ್ತಿದ್ದಳು.

ನಮ್ಮದು ಆನವಟ್ಟಿಯ ಅಂಚಿನಲ್ಲಿದ್ದ ಒಂದು ಸಣ್ಣ ಆರೈಕೆ ಮನೆ. ತಾವಾಗಿ ಏಳಲಾರದ, ಉಣ್ಣಲಾರದ, ಕೆಲವರು ಮಾತೂ ಆಡಲಾರದ ಮುದುಕ ಮುದುಕಿಯರು ಅಲ್ಲಿದ್ದರು. ಜೈತುನಕ್ಕ ಅವರನ್ನು ಎತ್ತಿ, ತೊಳೆದು, ಉಣಿಸಿ, ಮಲಗಿಸುವ ಆಯಾ. ನಾನು ಮೇಲ್ವಿಚಾರಕ. ಸೊರಬದಿಂದ ದಿನಾ ಬೈಕಿನಲ್ಲಿ ಹೋಗುತ್ತಿದ್ದೆ. ದಾರಿಯಲ್ಲಿ ಎಷ್ಟು ಸಲ ಮನೆಗೆ ಫೋನ್ ಮಾಡಿ ಗ್ಯಾಸ್ ಆಫ್ ಮಾಡಿದ್ದಾರಾ ಎಂದು ಕೇಳುತ್ತಿದ್ದೆ ಎಂಬುದನ್ನು ನನ್ನ ಹೆಂಡತಿ ಯಾವ ಮದುವೆ ಮನೆಗೆ ಹೋದರೂ ಹೇಳುತ್ತಾಳೆ, ಆದ್ದರಿಂದ ನಾನು ಇಲ್ಲಿ ಹೇಳುವುದಿಲ್ಲ.

ಸಂಸ್ಥೆಯ ಅಧ್ಯಕ್ಷರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ಶಿಕಾರಿಪುರದ ಮಾರುಕಟ್ಟೆ ಯಾರ್ಡಿನಲ್ಲಿ ಅವರದು ಮೆಕ್ಕೆಜೋಳದ ಮಂಡಿ. ಉದ್ಘಾಟನೆಯ ದಿನ ಭಾಷಣದ ಉತ್ಸಾಹದಲ್ಲಿ ಅವರು, "ಇಲ್ಲಿರೋರು ತಮ್ಮ ಕಷ್ಟ ತಾವು ಹೇಳಲಾರರು. ಅವರನ್ನ ನೋಡಿಕೊಳ್ಳೋರಲ್ಲಿ ಯಾರಾದರೂ ತಪ್ಪಿದರೆ ಉಳಿದವರು ನೇರವಾಗಿ ನನ್ನ ಹತ್ತಿರ ಬಂದು ಹೇಳಬೇಕು" ಎಂದುಬಿಟ್ಟರು. ಚಪ್ಪಾಳೆ ಬಿತ್ತು. ಆ ಮಾತನ್ನು ನಂಬಿದವಳು ಜೈತುನಕ್ಕ ಒಬ್ಬಳೇ.

ಎದುರಾಳಿಯನ್ನು ಯಾಕೆ ಕರೆದೊಯ್ಯಬೇಕು ಎಂದು ಒಮ್ಮೆ ಕೇಳಿದ್ದೆ.

"ನಿಮ್ಮ ಬೆನ್ನ ಹಿಂದೆ ಹೇಳಾಕೆ ಹೋದ್ರೆ ನನಗೆ ಮರ್ತು ಹೋಗ್ತೈತ್ರಿ. ಎದುರು ಕುಂತ್ರೆ ಮುಖ ನೋಡಿದಂಗೆಲ್ಲ ಒಂದೊಂದೇ ನೆನಪಾಗ್ತೈತೆ. ಮತ್ತೆ ನಾನು ಎರಡು ಸೇರಿಸಿ ಹೇಳಿದೆ ಅನ್ಕಳ್ರಿ, ನೀವು ಅಲ್ಲೇ ಹಿಡೀಬೌದು."

"ಫೋನ್ ಮಾಡಬಹುದಲ್ಲ ಮಾರಾಯ್ತಿ."

"ಫೋನಿನಾಗೆ ಅವರು ಹ್ಞೂಂ ಹ್ಞೂಂ ಅನ್ಕೋತ ಜೋಳ ತೂಗ್ತಾರೆ."

ಹಾಗೆ ಅವಳ ಪಕ್ಕ ಕಿಟಕಿಯ ಗಾಳಿ ಕುಡಿಯುತ್ತ ಹೋದವರಲ್ಲಿ ನಾನೇ ಮೊದಲಿಗ.

ನನ್ನ ಮೇಲಿದ್ದ ದೂರು ಚನ್ನವೀರಜ್ಜನದು. ಅಜ್ಜ ಒಂದು ಕಾಲಕ್ಕೆ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವನು. ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಉಳಿದದ್ದು ಎಡಗೈ, ಎರಡು ಕಣ್ಣು. ಜೈತುನಕ್ಕ ಅವನೊಡನೆ ಮಾತಾಡಲು ಅವನ ಕಸುಬಿನದೇ ದಾರಿ ಹುಡುಕಿದ್ದಳು. ಸಂತೆಯಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಕೈಗೆ ಕೈ ಕೊಟ್ಟು ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರಲ್ಲ, ಹಾಗೆ. ಅಜ್ಜನ ಎಡಗೈ ಮೇಲೆ ಟವೆಲ್ ಹೊದಿಸಿ ತನ್ನ ಕೈ ಒಳಗೆ ತೂರಿಸಿ, "ಹೌದು ಅಂದ್ರೆ ಬೆರಳು ಹಿಡಿ ಅಜ್ಜ, ಅಲ್ಲ ಅಂದ್ರೆ ಬಿಡು" ಎಂದು ಒಂದೊಂದೇ ಕೇಳುತ್ತಿದ್ದಳು. ಟವೆಲ್ ಬಿತ್ತೆಂದರೆ ಅಜ್ಜನ ಮುಖಕ್ಕೆ ಸಂತೆಯ ಕಳೆ ಬರುತ್ತಿತ್ತು. ಉಪ್ಪಿಟ್ಟು ಬೇಕೋ ಗಂಜಿ ಬೇಕೋ ಎಂಬುದನ್ನೂ ಅವನು ಜೋಡಿ ಎತ್ತು ಕೊಡುವವನ ಗತ್ತಿನಲ್ಲೇ ತೀರ್ಮಾನಿಸುತ್ತಿದ್ದ.

ಮಧ್ಯಾಹ್ನ ಎಲ್ಲರೂ ಮಲಗಿದಾಗ ನನಗೆ ಜೀವ ನಿಲ್ಲುತ್ತಿರಲಿಲ್ಲ. ಇಷ್ಟು ಜನ ಇಷ್ಟು ಸುಮ್ಮನೆ ಮಲಗಿದ್ದಾರೆಂದರೆ ಯಾರಾದರೂ ಒಬ್ಬರು ಹೋಗಿಯೇ ಇರಬೇಕು ಎನ್ನಿಸುತ್ತಿತ್ತು. ಮೆಲ್ಲಗೆ ಹೋಗಿ ಮೂಗಿನ ಕೆಳಗೆ ಬೆರಳು ಹಿಡಿದು ನೋಡುತ್ತಿದ್ದೆ. ಫ್ಯಾನಿನ ಗಾಳಿಯಲ್ಲಿ ಉಸಿರು ಯಾವುದು, ಗಾಳಿ ಯಾವುದು ಎಂದು ಗೊತ್ತಾಗದೆ ಕೊನೆಗೆ ಭುಜ ಅಲುಗಿಸಿ, "ಅಜ್ಜಾ, ನಿದ್ದೆ ಬಂತಾ?" ಎಂದು ಕೇಳುತ್ತಿದ್ದೆ. ಅವರು ಕಣ್ಣು ಬಿಟ್ಟರೆ ಎಂಥ ಸಮಾಧಾನ! ನಗುತ್ತ ಮುಂದಿನ ಮಂಚಕ್ಕೆ ಹೋಗುತ್ತಿದ್ದೆ.

ಶಿಕಾರಿಪುರದ ಮಂಡಿಯಲ್ಲಿ ಸಾವ್ಕಾರ್ರು ಕುರ್ಚಿಯಲ್ಲಿ, ನಾನು ಜೋಳದ ಚೀಲದ ಮೇಲೆ, ಜೈತುನಕ್ಕ ನಡುವೆ ನಿಂತುಕೊಂಡು. ಸುತ್ತ ಹಮಾಲರು. ದೂರು ಎಂದರೆ ಅವರಿಗೆ ಬಲು ಇಷ್ಟ. ತಕ್ಕಡಿ ತಾನೇ ತಾನಾಗಿ ನಿಂತಿತು.

"ಸಾವ್ಕಾರ್ರೆ, ಈ ಸಾರ್ ಮಲಗಿದೋರನ್ನ ಎಬ್ಬಿಸಿ ನಿದ್ದೆ ಬಂತಾ ಅಂತಾರೆ. ಅಜ್ಜ ಟವೆಲಿನಾಗೆ ಹೇಳ್ಯಾನೆ, ಸಿಟ್ಟಿಗೆ ಮೈ ಎಲ್ಲ ಕಾಯ್ತೈತೆ ಅಂತ."

"ಹೌದೇನ್ರಿ?" ಎಂದರು ಸಾವ್ಕಾರ್ರು.

"ಅಲ್ಲ ಸಾರ್, ಬದುಕಿದ್ದಾರಾ ಅಂತ ಖಾತ್ರಿ ಮಾಡ್ಕೊಳ್ಳೋದು ನನ್ನ ಜವಾಬ್ದಾರಿ..."

ಹಿಂದಿನಿಂದ ಒಬ್ಬ ಹಮಾಲ ಹೇಳಿದ, "ನನ್ನನ್ನ ಹಿಂಗೆ ಎಬ್ಬಿಸಿದ್ರೆ ಎಬ್ಬಿಸಿದೋರು ಬದುಕಿದಾರಾ ಅಂತ ನೋಡ್ಬೇಕಾಗ್ತಿತ್ತು."

ಇಡೀ ಮಂಡಿ ನಕ್ಕಿತು. ಸಾವ್ಕಾರ್ರು ನಗಲಿಲ್ಲ, ಅವರಿಗೆ ಇದು ಮೊದಲನೇ ನ್ಯಾಯ. ಏನು ಮಾಡುವುದೆಂದು ತೋಚದೆ ಜೈತುನಕ್ಕನ ಮುಖವನ್ನೇ ನೋಡಿದರು. ಅವಳೇ ತೀರ್ಪು ಕೊಟ್ಟಳು: "ಬಾಗ್ಲಾಗೆ ನಿಂತು ಹೊಟ್ಟೆ ನೋಡ್ರಿ. ಏರಿ ಇಳಿದ್ರೆ ಅಜ್ಜ ಅದಾನೆ. ಒಳಗ ಕಾಲಿಡಬ್ಯಾಡ್ರಿ."

ವಾಪಸು ಬರುವಾಗ ಶಿರಾಳಕೊಪ್ಪದಲ್ಲಿ ಇಳಿಸಿ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದಳು. "ಬ್ಯಾಸರಾತಾ ಸಾರ್? ತಿನ್ರಿ. ದೂರು ಹೇಳಿದ್ರೆ ನನಗೆ ಬಾಳ ಹಸಿವಾಗ್ತೈತೆ." ದೂರು ಹೇಳಿಸಿಕೊಂಡವನಿಗೆ ಹಸಿವಿರಲಿಲ್ಲ. ಆದರೂ ನಾನು ತಿನ್ನದಿದ್ದರೆ ಅವಳು ಬೇಜಾರು ಮಾಡಿಕೊಂಡಾಳೆಂಬ ಚಿಂತೆಯಲ್ಲಿ ಎರಡು ಪ್ಲೇಟು ತಿಂದೆ.

ಅಡುಗೆಯವಳ ಮೇಲೆ ದೂರಿದ್ದ ದಿನವಂತೂ ಸಾರಿನ ಪಾತ್ರೆಯೇ ಬಸ್ಸು ಹತ್ತಿತು. ಬಿಪಿ ಇರುವವರಿಗೆ ಇಷ್ಟು ಉಪ್ಪು ಹಾಕುತ್ತಾಳೆ ಎಂಬುದಕ್ಕೆ ಸಾರೇ ಸಾಕ್ಷಿ. ಅಡುಗೆಯವಳು ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ತೊಡೆಯ ಮೇಲೆ ಹಿಡಿದು ಕಿಟಕಿ ಪಕ್ಕ ಕೂತಿದ್ದಳು. ರಸ್ತೆಯ ಹಂಪೊಂದು ಹಾರಿದಾಗ ಅರ್ಧ ಸಾರು ಕಂಡಕ್ಟರನ ಪ್ಯಾಂಟಿನ ಮೇಲೆ ಚೆಲ್ಲಿತು. ಉಳಿದದ್ದನ್ನು ಸಾವ್ಕಾರ್ರು ಒಂದು ಲೋಟ ಕುಡಿದು ಕಣ್ಣಲ್ಲಿ ನೀರು ತಂದುಕೊಂಡರು. ಮರುದಿನದಿಂದ ಸಾರು ಎಷ್ಟು ಸಪ್ಪೆಯಾಯಿತೆಂದರೆ ನಮಗೆಲ್ಲ ಆ ದೂರನ್ನು ವಾಪಸು ತೆಗೆದುಕೊಳ್ಳಬೇಕೆನ್ನಿಸಿತು.

ಆದರೆ ಮಂಡಿಯ ಹಮಾಲರು ಇವತ್ತಿಗೂ ಹೇಳಿಕೊಂಡು ನಗುವುದು ಸಾವ್ಕಾರ್ರ ಮೇಲೆಯೇ ದೂರು ಬಂದ ದಿನವನ್ನು. ಅವರು ತಮ್ಮ ಹುಟ್ಟುಹಬ್ಬಕ್ಕೆ ಬಂದು ಅಜ್ಜನ ಬಾಯಿಗೆ ಬಾಳೆಹಣ್ಣು ಇಡುತ್ತಿರುವ ಫೋಟೊ ವಾಟ್ಸಾಪಿನಲ್ಲಿ ತಾಲ್ಲೂಕೆಲ್ಲ ಓಡಾಡಿತು. ಅದರಲ್ಲಿ ಅಜ್ಜನ ಪಂಚೆ ಸರಿದಿತ್ತು. ಜೈತುನಕ್ಕ ಸಾಕ್ಷಿಗೆಂದು ನನ್ನನ್ನು ಕರೆದುಕೊಂಡು ಹೋದಳು. ಎದುರಾಳಿ ಶಿಕಾರಿಪುರದಲ್ಲೇ ಇದ್ದುದರಿಂದ ಬಸ್ಸಿನಲ್ಲಿ ಕಿಟಕಿ ಸೀಟನ್ನು ಖಾಲಿ ಬಿಟ್ಟು ಬ್ಯಾಗು ಇಟ್ಟಳು.

"ಸಾವ್ಕಾರ್ರೆ, ಒಂದು ದೂರೈತೆ. ನಿಮ್ಮ ಮ್ಯಾಲೆ. ಕೇಳೋರೂ ನೀವೇ. ಅದಕ್ಕ ಕೇಳುವಾಗ ಕುರ್ಚಿ ಮ್ಯಾಲೆ ಕುಂದರ್ರಿ, ಉತ್ತರ ಹೇಳುವಾಗ ಈ ಚೀಲದ ಮ್ಯಾಲೆ ಬರ್ರಿ."

ದೊಡ್ಡ ಮನುಷ್ಯರು ಸಿಟ್ಟಾಗುತ್ತಾರೆ ಎಂದು ನಾನು ಬೆವತೆ. ಅವರು ನಿಜವಾಗಿ ಎದ್ದು ಬಂದು ಚೀಲದ ಮೇಲೆ ಕೂತರು! "ಒಳ್ಳೇ ಮನಸಿಂದ ತೆಗೆಸಿದ್ದು ಜೈತುನಕ್ಕ" ಎಂದರು. ಆಮೇಲೆ ಏನು ಅನ್ನಿಸಿತೋ, ಎದ್ದು ಹೋಗಿ ಕುರ್ಚಿಯಲ್ಲಿ ಕೂತು, ತಾವು ಆಗಷ್ಟೇ ಕೂತಿದ್ದ ಖಾಲಿ ಚೀಲದ ಕಡೆ ನೋಡಿ, "ಮನಸು ಒಳ್ಳೇದಿದ್ರೆ ಪಂಚೆ ಸರಿಮಾಡೋಕೆ ಕೈ ಇರಲಿಲ್ವೇನಯ್ಯ?" ಎಂದು ಗದರಿದರು. ಮತ್ತೆ ಚೀಲಕ್ಕೆ ಬಂದು ಕೂತು ತಲೆ ತಗ್ಗಿಸಿದರು. ಫೋಟೊ ಅಳಿಸಿದರು. ಅಳಿಸಿ ಎಂದು ಎಲ್ಲರಿಗೂ ಫೋನ್ ಮಾಡಿದರು. ಅವರಿಗೆ ಎರಡೂ ಕಡೆ ಕೂರುವುದು ಎಷ್ಟು ಹಿಡಿಸಿತೆಂದರೆ ಆಮೇಲೆ ಜೋಳದ ತೂಕದ ಜಗಳಗಳನ್ನೂ ಹಾಗೆಯೇ ಬಗೆಹರಿಸುತ್ತಿದ್ದರಂತೆ.

ಪ್ರಕಾಶ ನಮ್ಮಲ್ಲಿ ಕೆಲಸಕ್ಕೆ ಸೇರಿದ್ದು ಅದೇ ವರ್ಷ. ಗಂಡಸರ ಕಡೆಯ ಅಟೆಂಡರ್. ಹಾಡುತ್ತ ಬರುವ, ಹಾಡುತ್ತ ಉಣಿಸುವ ಹುಡುಗ. ಮುದುಕಿಯರೆಲ್ಲ ಅವನಿಗೆ ಹುಡುಗಿ ನೋಡುತ್ತಿದ್ದರು. ನೋಡಲು ಬಂದ ಸಂಬಂಧಿಕರು ಹೋಳಿಗೆ ಕೊಟ್ಟು ಹೋಗುತ್ತಿದ್ದರು. ಅವನ ಪಾಳಿಯಲ್ಲಿ ಯಾರೂ ಹಟ ಮಾಡುತ್ತಿರಲಿಲ್ಲ, ತಟ್ಟೆಯಲ್ಲಿ ಒಂದು ಅಗುಳು ಉಳಿಯುತ್ತಿರಲಿಲ್ಲ. ನಲ್ಲಿ, ಗ್ಯಾಸು, ಬೀಗ, ಬೈಕಿನ ಟೈರು, ಹೆಂಡತಿಯ ಕೆಮ್ಮು, ಎಲ್ಲದರ ಬಗ್ಗೆಯೂ ಚಿಂತೆ ಮಾಡುವ ನಾನು ಈ ಜಗತ್ತಿನಲ್ಲಿ ಚಿಂತೆ ಮಾಡದೆ ಬಿಟ್ಟಿದ್ದ ಒಂದೇ ಒಂದು ವಿಷಯ ಪ್ರಕಾಶ.

ಒಂದು ಬೆಳಿಗ್ಗೆ ಜೈತುನಕ್ಕ ನನ್ನ ಮೇಜಿನ ಮುಂದೆ ಬಂದು ನಿಂತಳು. ಪ್ರಕಾಶ ಅಂಗಳದಲ್ಲಿ ಹಾಡುತ್ತ ಬಟ್ಟೆ ಹರವುತ್ತಿದ್ದ.

"ಅಜ್ಜಗ ಸ್ನಾನ ಮಾಡಿಸಿದೆ ಸಾರ್. ತೊಡಿ ಒಳಗಡೆ ಕಪ್ಪಗಾಗೈತೆ. ಚಿವುಟಿದ್ದು. ಆ ಹಾಡು ಕೇಳಿದ ಕೂಡ್ಲೆ ಅಜ್ಜ ಬಾಯಿ ತೆಗೀತಾನೆ ನೋಡ್ರಿ, ಹಸಿದು ಅಲ್ಲ."

ಅಂಗಳದ ಹಾಡು ಒಮ್ಮೆಲೇ ಬೇರೆ ಥರ ಕೇಳತೊಡಗಿತು.

"ಹಾಗಾದ್ರೆ ಇವತ್ತೇ... ಅವನನ್ನ ಕರ್ಕೊಂಡು ಹೊರಡ್ತೀಯಾ?"

"ಇಲ್ಲ." ಜೈತುನಕ್ಕ ಎಂದೂ ಅಷ್ಟು ಮೆಲ್ಲಗೆ ಮಾತಾಡಿದವಳಲ್ಲ. "ನೀವು ತಪ್ಪು ಮಾಡ್ದಾಗ ನಿಮ್ಮನ್ನ ಕರ್ಕೊಂಡು ಹೋದೆ, ನಿಮಗ್ಯಾರೂ ಹೆದರಲ್ಲ. ಅವನು ಎದುರು ಕುಂತ್ರೆ ಅಜ್ಜ ಬೆರಳು ಹಿಡಿಯಂಗಿಲ್ಲ. ಇವತ್ತು ಅಜ್ಜ ಬರ್ತಾನೆ. ಪ್ರಕಾಶಗ ಆಸ್ಪತ್ರೆಗೆ ಅಂತ ಹೇಳ್ರಿ. ನಾವು ಬರೋ ತನಕ ನೀವು ಒಬ್ಬರನ್ನೂ ಅವನ ಕೈಗೆ ಕೊಡಬ್ಯಾಡ್ರಿ."

ಅಡುಗೆಯವಳನ್ನು ಬಾಗಿಲಿಗೆ ಕಾವಲಿಟ್ಟು, ಅಜ್ಜನನ್ನು ಬಸ್ಸು ಹತ್ತಿಸಿಯಾದರೂ ಬರೋಣ ಎಂದು ನಿಲ್ದಾಣದವರೆಗೆ ಹೋದೆ. ಗಾಲಿ ಕುರ್ಚಿ ನೋಡಿ ಕಂಡಕ್ಟರು ಲಗೇಜು ಚಾರ್ಜು ಕೊಡಬೇಕಾಗುತ್ತದೆ ಎಂದ.

"ಕುರ್ಚಿ ಹೆಂಗಸು ಅಂತ ತಿಳ್ಕಳಪ್ಪ. ನಮ್ಮಂಗೆ ಪುಕ್ಕಟೆ ಬರ್ಲಿ."

"ಆಧಾರ್ ಕಾರ್ಡ್ ತೋರ್ಸು ಹಂಗಾರೆ."

"ನಿನ್ನ ಪ್ಯಾಂಟಿನ ಮ್ಯಾಲೆ ಸಾರು ಚೆಲ್ಲಿದ್ದು ನಮ್ಮ ಪಾತ್ರೇನೇ. ನೆನಪೈತಾ? ಇವತ್ತೂ ಪಾತ್ರೆ ತರ್ಬೇಕಾಗಿತ್ತಾ?"

ಕಂಡಕ್ಟರು ಕುರ್ಚಿ ಮಡಚಿ ತಾನೇ ಒಳಗಿಟ್ಟ. ಕಿಟಕಿ ಪಕ್ಕ ಅಜ್ಜ ಕೂತ. ಬಸ್ಸು ಹೊರಟಾಗ ಅವನ ಬಿಳಿ ಮೀಸೆ ಗಾಳಿಗೆ ಹಾರುತ್ತಿತ್ತು. ಕಿಟಕಿಯಲ್ಲಿ ಕೂತ ಅಷ್ಟು ಜನರಲ್ಲಿ ಏನೂ ತಪ್ಪು ಮಾಡದವನು ಅವನೊಬ್ಬನೇ.

ಮಂಡಿಯಲ್ಲಿ ನಡೆದದ್ದನ್ನು ಆಮೇಲೆ ಹಮಾಲರು ನನಗೆ ಹೇಳಿದರು. "ಅಂಥ ಒಳ್ಳೇ ಹುಡುಗ" ಎಂದು ಸಾವ್ಕಾರ್ರು ಶುರುಮಾಡಿದರಂತೆ. ಜೈತುನಕ್ಕ ಹಮಾಲರ ಕಡೆ ತಿರುಗಿ, "ಎಲ್ಲಾರೂ ಆ ಕಡೆ ಮುಖ ಮಾಡ್ರಿ" ಎಂದಳಂತೆ. ಅಷ್ಟು ದೊಡ್ಡ ದೊಡ್ಡ ಆಳುಗಳು ಶಾಲೆಯ ಮಕ್ಕಳಂತೆ ಜೋಳದ ಚೀಲಗಳ ಗೋಡೆಗೆ ಮುಖಮಾಡಿ ಸಾಲಾಗಿ ನಿಂತರು. ಸಾವ್ಕಾರ್ರು ಅಜ್ಜನ ತೊಡೆ ನೋಡಿದರು. ಅವರೂ ಸಂತೆ ಕಂಡವರೇ. ಹೆಗಲ ಮೇಲಿನ ಟವೆಲ್ ತೆಗೆದು ಅಜ್ಜನ ಕೈ ಮೇಲೆ ಹೊದಿಸಿ ತಮ್ಮ ಕೈ ಒಳಗಿಟ್ಟರು. ಜೈತುನಕ್ಕ ಮಾಡಿದಳೇ? ಬೆರಳು ಬಿಟ್ಟ. ಅಡುಗೆಯವಳೇ? ಬಿಟ್ಟ. ಸೂಪರ್‌ವೈಸರೇ? ಸ್ವಲ್ಪ ಯೋಚಿಸಿ ಬಿಟ್ಟನಂತೆ. ನಿದ್ದೆ ಕೆಡಿಸಿದ ಸಿಟ್ಟು ಇನ್ನೂ ಇತ್ತೆಂದು ಕಾಣುತ್ತದೆ. ಪ್ರಕಾಶನೇ ಎಂದಾಗ ಸಾವ್ಕಾರ್ರ ಬೆರಳು ಬಿಡಿಸಲು ಇಬ್ಬರು ಬೇಕಾದರಂತೆ.

"ಇವತ್ತೇ ಅವನ ಲೆಕ್ಕ ಮುಗಿಸಿ ಕಳಿಸ್ತೀನಿ. ಸಂಸ್ಥೆ ಹೆಸರು ಕೆಡೋದು ಬೇಡ, ಇಷ್ಟಕ್ಕೇ ಬಿಡು" ಎಂದರು ಸಾವ್ಕಾರ್ರು.

"ಇಲ್ಲಿಂದ ಕಳಿಸಿದ್ರೆ ಇನ್ನೊಂದು ಕಡೆ ಹೋಗಿ ಹಾಡ್ತಾನೆ. ಅಲ್ಲಿ ಟವೆಲ್ ಹಾಕೋರು ಯಾರು?"

ಸಾವ್ಕಾರ್ರು ಕುರ್ಚಿಯಿಂದ ಚೀಲಕ್ಕೆ, ಚೀಲದಿಂದ ಕುರ್ಚಿಗೆ ಒಮ್ಮೆ ಓಡಾಡಿದರು. ಕೊನೆಗೆ ತಮ್ಮ ಕಾರಿನಲ್ಲೇ ಅಜ್ಜನನ್ನು ಮೊದಲು ಡಾಕ್ಟರ ಹತ್ತಿರ, ಆಮೇಲೆ ಪೊಲೀಸರ ಹತ್ತಿರ ಕರೆದೊಯ್ದರು. ಆ ಸಂಜೆಯಿಂದ ನಮ್ಮ ಆರೈಕೆ ಮನೆಯಲ್ಲಿ ಹಾಡು ನಿಂತಿತು. ಅಜ್ಜ ಉಣ್ಣಲು ಹಟ ಮಾಡತೊಡಗಿದ. ಅವನು ಗಂಜಿ ಉಗುಳಿದ ಮೊದಲ ದಿನ ಜೈತುನಕ್ಕ ನಮಗೆಲ್ಲ ಪಾಯಸ ಮಾಡಿ ಹಂಚಿದಳು.

ಹೋದ ವರ್ಷ, ಮಳೆ ನಿಂತ ಮೇಲೆ, ಜೈತುನಕ್ಕ ಬೆಳಿಗ್ಗೆಯೇ ಚಪ್ಪಲಿ ಮೆಟ್ಟಿಕೊಂಡು ನನ್ನ ಮುಂದೆ ನಿಂತಳು.

"ನಡೀರಿ ಸಾರ್, ಬಸ್ಸಿಗೆ ಹೊತ್ತಾತು. ದೂರೈತೆ."

ಹಿಂದಿನ ವಾರದಿಂದ ನಾನು ಮಾಡಿದ್ದನ್ನೆಲ್ಲ ನೆನೆದೆ. "ಏನು ಮಾಡಿದೆ ಮಾರಾಯ್ತಿ ನಾನು? ಬಾಗಿಲಿಂದ ಒಳಗೆ ಕಾಲಿಟ್ಟಿಲ್ಲ."

"ನಿಮ್ಮ ಮ್ಯಾಲಲ್ಲ. ನನ್ನ ಮ್ಯಾಲೆ. ನೀವು ಹೇಳ್ಬೇಕು, ನಾನು ಜೊತಿಗೆ ಬರ್ತೀನಿ."

ಹಿಂದಿನ ದಿನ ನಾನು ಮನೆಗೆ ಹೋದ ಮೇಲೆ ಅಜ್ಜನನ್ನು ಮಂಚದಿಂದ ಕುರ್ಚಿಗೆ ಎತ್ತುವಾಗ ಅವಳ ಕೈ ಸೋತಿತಂತೆ. ಅಜ್ಜ ನೆಲಕ್ಕೆ ಜಾರಿ ಕೂತ. ಡಾಕ್ಟರನ್ನು ಕರೆಸಿ ತೋರಿಸಿದ್ದಳು, ಏನೂ ಆಗಿರಲಿಲ್ಲ. ಅಜ್ಜ ನಕ್ಕನಂತೆ. ನೋಡಿದವರು ಯಾರೂ ಇರಲಿಲ್ಲ. ಕೈ ಸೋತದ್ದು ಗೊತ್ತಿದ್ದದ್ದು ಅವಳಿಗೆ, ಮಾತಿಲ್ಲದ ಅಜ್ಜನಿಗೆ.

"ನೀನೇ ಹೋಗಿ ಹೇಳಬಹುದಲ್ಲ."

"ನಾನು ಹೇಳಿದ್ರೆ ಅದು ಒಪ್ಕಂಡಂಗಾತು. ಅಯ್ಯೋ ಪಾಪ, ಎಷ್ಟು ಒಳ್ಳೇಕಿ ಅಂತಾರೆ, ಬಿಟ್ಟು ಬಿಡ್ತಾರೆ. ದೂರು ಬ್ಯಾರೇರು ಹೇಳ್ಬೇಕ್ರಿ."

ಹೇಳಿದರೆ ಅವಳ ಕೆಲಸ ಹೋಗುತ್ತದೆ. ಆ ಮನೆ ಬಿಟ್ಟರೆ ಅವಳಿಗೆ ಬೇರೆ ಲೋಕವಿರಲಿಲ್ಲ. ಹೇಳದಿದ್ದರೆ ಅಜ್ಜ ಮತ್ತೆ ಆ ಕೈಯಲ್ಲೇ ತೂಗಬೇಕು. ನನ್ನಂಥ ಚಿಂತೆಗಾರನಿಗೆ ಇದಕ್ಕಿಂತ ದೊಡ್ಡ ಊಟ ಬೇಕೆ? ಬಸ್ಸು ಹತ್ತಿದೆವು. ಜೈತುನಕ್ಕ ಏನೂ ಹೇಳದೆ, ನನ್ನನ್ನು ದಾಟಿ, ಕಿಟಕಿ ಪಕ್ಕ ಹೋಗಿ ಕೂತಳು.

ನಾನು ಶುಂಠಿ ರೇಟಿನ ಬಗ್ಗೆ ಕೇಳಿದೆ. ಅವಳು ಮಗಳ ಬಾಣಂತನದ ಬಗ್ಗೆ ಹೇಳಿದಳು. ಮೊಣಕಾಲಿನ ವಿಷಯ ಇಬ್ಬರೂ ಎತ್ತಲಿಲ್ಲ.

ಮಂಡಿಯಲ್ಲಿ ಅವಳು ತಾನಾಗಿಯೇ ಚೀಲದ ಮೇಲೆ ಕೂತಾಗ ಹಮಾಲರು ನಗಲು ಬಾಯಿ ತೆಗೆದವರು ಹಾಗೆಯೇ ನಿಂತರು. ನಾನು, "ಸ್ವಲ್ಪ ಕೈ ಜಾರಿದಂಗಾಗಿ..." ಎಂದೆ.

"ಸ್ವಲ್ಪ ಅಲ್ಲ. ಪೂರಾ ಬಿಟ್ಟೆ. ಸರಿಯಾಗಿ ಹೇಳ್ರಿ."

"ಪೂರಾ ಬಿಟ್ಟಳು. ಆದರೆ ಅಜ್ಜಂಗೆ ಏನೂ..."

"ಆದರೆ ಯಾಕೆ ಹಾಕ್ತೀರಿ? ನಿಮ್ಮ ಮ್ಯಾಲೆ ಹೇಳುವಾಗ ನಾನು ಆದರೆ ಹಾಕಿದ್ನಾ?"

ನಾನು ಆದರೆ ತೆಗೆದು ಮೊದಲಿಂದ ಹೇಳಿದೆ. ಜೀವನದಲ್ಲಿ ಅಷ್ಟು ಚಿಕ್ಕ ಮಾತನ್ನು ಹೇಳಲು ಅಷ್ಟು ಹೊತ್ತು ತೆಗೆದುಕೊಂಡದ್ದಿಲ್ಲ.

ಹಮಾಲರಲ್ಲಿ ಹಿರಿಯನೊಬ್ಬ, "ಒಂದ್ಸಲ ಜಾರಿದ್ದಕ್ಕ ಇದೆಂಥ ನ್ಯಾಯ ಬೇ" ಎಂದ.

"ಎರಡನೇ ಸಲ ಜಾರಾಕೆ ಅಜ್ಜ ಉಳಿಬೇಕಲ್ಲಪ್ಪ."

ಸಾವ್ಕಾರ್ರು ಕುರ್ಚಿಯಲ್ಲೇ ಕೂತಿದ್ದರು, ಕಣ್ಣು ಒರೆಸಿಕೊಂಡರು. ಸುಮ್ಮನೆ ಆರೈಕೆ ಮನೆಯಲ್ಲೇ ಇರು, ಯಾರನ್ನೂ ಎತ್ತಬೇಡ, ಕೂತು ನೋಡಿಕೋ ಎಂದರು. ಜೈತುನಕ್ಕ ತಲೆ ಅಲ್ಲಾಡಿಸಿದಳು. "ಅಜ್ಜ ಬೀಳ್ತಾನೆ ಅಂದಾಗ ನನ್ನ ಕೈ ಕೇಳಂಗಿಲ್ಲ ಸಾವ್ಕಾರ್ರೆ, ಮುಂದ ಹೋಗೇ ಹೋಗ್ತೈತೆ. ಅದೇ ಹೆದರಿಕಿ." ಶಿಕಾರಿಪುರದಲ್ಲೇ ಅವಳ ತಂಗಿಯ ಮನೆಯಿತ್ತು. ಆನವಟ್ಟಿಯಿಂದ ಹೊರಡುವಾಗಲೇ ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಬಂದಿದ್ದಳು. ಆ ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದು, "ಸಾರ್‌ಗೆ ಮಂಡಕ್ಕಿ ಕೊಡಿಸ್ರಪ್ಪ ಯಾರಾದ್ರೂ. ಮೊದಲ್ನೇ ದೂರು, ಹಸಿವಾಗಿರ್ತೈತೆ" ಎಂದಳು.

ಅವಳೇ ನಿಲ್ದಾಣದವರೆಗೆ ಬಂದು ನನ್ನನ್ನು ಬಸ್ಸು ಹತ್ತಿಸಿದಳು. ಖಾಲಿಯಿದ್ದದ್ದು ಕಿಟಕಿ ಪಕ್ಕದ ಸೀಟು ಒಂದೇ. ಕೂರಲು ಹಿಂದೆಮುಂದೆ ನೋಡಿದೆ. ಜೈತುನಕ್ಕ ಕೆಳಗಿನಿಂದ ಕಿಟಕಿಯ ಸರಳಿನೊಳಗೆ ಕೈ ತೂರಿಸಿ ನನ್ನ ಭುಜ ಅಲುಗಿಸಿ, "ಸಾರ್, ನಿದ್ದೆ ಬಂತಾ?" ಎಂದಳು. ಬಸ್ಸು ಹೊರಟಿತು.

ಆನವಟ್ಟಿ ತಲುಪುವ ಹೊತ್ತಿಗೆ ಅಜ್ಜ ಎಚ್ಚರವಾಗಿದ್ದ. ಬಾಗಿಲಲ್ಲಿ ನಿಂತೆ. ಅವನು ನನ್ನನ್ನು ನೋಡಿದ, ನನ್ನ ಹಿಂದೆ ನೋಡಿದ, ಮತ್ತೆ ನನ್ನನ್ನು ನೋಡಿ ಎಡಗೈ ಎತ್ತಿ ನನ್ನ ಕಡೆ ಬೆರಳು ತೋರಿಸಿದ.

ದೂರೇ ಅದು. ಕೇಳುವವನೂ ನಾನೇ. ಒಳಗೆ ಕಾಲಿಟ್ಟು ಸ್ಟೂಲಿನ ಮೇಲೆ ಕೂತು, ಅಜ್ಜನ ಕೈ ಮೇಲೆ ಟವೆಲ್ ಹೊದಿಸಿ ಕೇಳಿದೆ: "ಅವಳನ್ನ ಬಿಟ್ಟು ಬಂದೆ ಅಂತ ನನ್ನ ಮೇಲೆ ಸಿಟ್ಟಾ?" ಬೆರಳು ಬಿಗಿಯಾಗಿ ಹಿಡಿದ. ಸರಿ ಎಂದು ಎದ್ದು, ಟವೆಲಿನಿಂದ ನನ್ನ ಕೈ ಬಿಡಿಸಿಕೊಂಡು, ಉತ್ತರ ಹೇಳುವವನಂತೆ ಮಂಚದ ಆ ಬದಿಗೆ, ಕಿಟಕಿಯ ಕಡೆಗೆ ಬಂದು ಕೂತು, ನಡೆದದ್ದನ್ನೆಲ್ಲ ಹೇಳಿದೆ. ಎಲ್ಲೂ ಆದರೆ ಹಾಕಲಿಲ್ಲ.